ಸರ್ವರ್ ಡೌನ್ ಅಲ್ಲ ಸ್ವಾಮಿ, ಸಿ ಡ್ರೈವ್ ತುಂಬಿದೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕೋಲಾರದಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡ್ಕೊಂಡಿರೋನು ನಾನು. ಹೋದ ವಾರ ಇದೇ ಓದುಗರ ಪತ್ರದಲ್ಲಿ ಒಬ್ರು ಎಲ್ಲಿ ಹೋದ್ರೂ ಸರ್ವರ್ ಡೌನ್ ಅಂತ ವಾಪಸ್ ಕಳಿಸ್ತಾರೆ ಅಂತ ಬೇಜಾರು ತೋಡ್ಕೊಂಡಿದ್ರು. ಅವರ ಬೇಜಾರು ನ್ಯಾಯವಾದ್ದೇ. ಆದ್ರೆ ಆ ಡೌನ್ ಅನ್ನೋ ಮಾತಿನ ಹಿಂದೆ ಏನಿರತ್ತೆ ಅಂತ ಒಳಗಿಂದ ನೋಡಿರೋ ನಾನೂ ನಾಲ್ಕು ಸಾಲು ಬರೀಬೇಕು ಅನ್ನಿಸ್ತು, ಬರೆಯೋಕೆ ಕೂತ್ರೆ ನಾಲ್ಕು ಸಾಲಲ್ಲಿ ಮುಗೀಲಿಲ್ಲ, ಕ್ಷಮೆ ಇರಲಿ.

ಮೊದಲೇ ಹೇಳ್ಬಿಡ್ತೀನಿ, ಬೆಂಗಳೂರಲ್ಲಿ ಎಸಿ ರೂಮಲ್ಲಿ ಸಾಲಾಗಿ ನಿಂತಿರೋ ದೊಡ್ಡ ದೊಡ್ಡ ಸರ್ಕಾರಿ ಸರ್ವರ್‌ಗಳ ವಿಷ್ಯ ಅಲ್ಲ ಇದು, ಅವನ್ನ ನಾನು ಮುಟ್ಟಿದೋನೇ ಅಲ್ಲ. ನಾನು ಹೇಳ್ತಿರೋದು ನಮ್ಮ ಮಂಡಿ, ಸೊಸೈಟಿ, ನರ್ಸಿಂಗ್ ಹೋಮು, ಸ್ಕೂಲು ಇಂಥ ಕಡೆ ಟೇಬಲ್ ಕೆಳಗೋ ಬೀರು ಪಕ್ಕದಲ್ಲೋ ಧೂಳು ಹಿಡ್ಕೊಂಡು ಕೂತಿರೋ ಒಂದೊಂದು ಡಬ್ಬದ ವಿಷ್ಯ. ಹಂಗೆ ನೋಡಿದ್ರೆ ಅದೂ ಸರ್ವರ್ರೇ. ಅದು ನಿಂತೋಯ್ತು ಅಂತ ಕರೆದಾಗ ಹೋಗಿ ಆನ್ ಮಾಡಿ ನೋಡಿದ್ರೆ ನಂಗೆ ಎಷ್ಟೋ ಸಲ ಸಿಕ್ಕಿರೋದು ಒಂದೇ ಕಾಯಿಲೆ, ಡಿಸ್ಕಿನ ಒಂದು ಭಾಗ, ಸಿ ಡ್ರೈವ್ ಅಂತೀವಿ ಅದನ್ನ, ಸೂಜಿ ಊರೋಕೂ ಜಾಗ ಇಲ್ದಂಗೆ ತುಂಬಿರತ್ತೆ, ಅದರ ಪಕ್ಕದ ಭಾಗ ಖಾಲಿ ಹೊಡೀತಿರತ್ತೆ. ನೆಟ್ಟು ಸರಿಯಾಗಿದೆ, ಮಷೀನು ಸರಿಯಾಗಿದೆ, ಕರೆಂಟೂ ಇದೆ, ಹೊರಗಡೆ ಮಾತ್ರ ಸರ್ವರ್ ಡೌನ್ ಅಂತ ಬೋರ್ಡು.

ಒಂದು ಉದಾಹರಣೆ ಹೇಳ್ತೀನಿ. ಕೋಲಾರದ ಎಪಿಎಂಸಿ ಯಾರ್ಡಲ್ಲಿ ಜುಲೈ ತಿಂಗಳ ಟೊಮೆಟೊ ಸೀಜನ್ ಹೆಂಗಿರತ್ತೆ ಅಂತ ನೋಡಿರೋರಿಗೆ ಗೊತ್ತು, ಬೆಳಗಿನ ಜಾವಕ್ಕೆ ಕಾಲಿಡೋಕೆ ಜಾಗ ಇರಲ್ಲ, ಹದಿನೈದು ಕೇಜಿ ಬಾಕ್ಸು ಆಳೆತ್ತರ ಜೋಡಿಸಿರ್ತಾರೆ, ಆ ಕಡೆ ಲಾರಿ ಈ ಕಡೆ ಹರಾಜು. ಅಂಥ ಒಂದಿನ ಐದೂವರೆಗೆ ಒಂದು ಮಂಡಿಯಿಂದ ಫೋನು, ಮಂಡಿ ಹೆಸರು ಬೇಡ ಬಿಡಿ, ಒಳ್ಳೆ ಜನ. "ಅಣ್ಣ ಬಿಲ್ಲೇ ಬತ್ತಾ ಇಲ್ಲ, ಬೇಗ ಬಾ" ಅಂದ ಹುಡುಗ. ಹೋದೆ. ಬಿಲ್ ಹಾಕೋ ಹುಡುಗ ಕಾರ್ಬನ್ ಪೇಪರ್ ಇಟ್ಕೊಂಡು ಕೈಯಲ್ಲೇ ಚೀಟಿ ಬರೀತಿದ್ದ, ಕೈಯೆಲ್ಲಾ ನೀಲಿ. ಮುಳಬಾಗಿಲು ಕಡೆಯಿಂದ ರಾತ್ರಿಯೇ ಬಂದಿದ್ದ ರೈತರು ನಾಲ್ಕೈದು ಜನ ದುಡ್ಡು ಇಸ್ಕೊಂಡು ಹೊರಡೋಣ ಅಂತ ಬಾಗಿಲಲ್ಲೇ ನಿಂತಿದ್ರು, ಅವರ ಲೆಕ್ಕ ಇದ್ದಿದ್ದೆಲ್ಲಾ ಆ ಡಬ್ಬದೊಳಗೆ.

ಮೈ ಕಂಪ್ಯೂಟರ್ ಬಿಚ್ಚಿದೆ. ಸಿ ಡ್ರೈವ್ 120 ಜಿಬಿ, ಕೆಂಪು ಗೆರೆ ಈ ತುದಿಯಿಂದ ಆ ತುದಿಗೆ, ಉಳಿದಿದ್ದು 14 ಎಂಬಿ. ಡಿ ಡ್ರೈವ್ 800 ಜಿಬಿ ಮೇಲಿತ್ತು, ಅದರಲ್ಲಿ ಒಂದೇ ಒಂದು ಫೋಲ್ಡರ್, ಯಜಮಾನ್ರ ಮಗಳ ಮದುವೆ ಫೋಟೋಗಳು. ಸಾಫ್ಟ್‌ವೇರ್ ಹಾಕೋಕೆ ಬಂದಿದ್ದೋರು ಯಾವತ್ತೋ ನೆಕ್ಸ್ಟ್ ನೆಕ್ಸ್ಟ್ ಫಿನಿಶ್ ಅಂತ ಒತ್ಕೊಂಡು ಹೋಗಿದ್ದಾರೆ, ಡೇಟಾ ಎಲ್ಲಾ ಸಿ ಡ್ರೈವಿಗೇ ಬಿದ್ದಿದೆ, ಆರು ವರ್ಷ ಯಾರೂ ತಿರುಗಿ ನೋಡಿಲ್ಲ. ಬಿಲ್ಲು ಸೇವ್ ಆಗ್ಬೇಕು ಅಂದ್ರೆ ಡೇಟಾಬೇಸು, ಅಂದ್ರೆ ಲೆಕ್ಕ ಇಡೋ ಸಾಫ್ಟ್‌ವೇರು, ಡಿಸ್ಕಲ್ಲಿ ಬರೀಬೇಕು, ಬರೆಯೋಕೆ ಜಾಗ ಇಲ್ಲ ಅಂದ್ರೆ ಅದು ಕೈ ಕಟ್ಕೊಂಡು ಕೂತ್ಕೊಳತ್ತೆ, ಅಷ್ಟೇ ಆಗಿದ್ದು.

ಯಜಮಾನ್ರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡ್ತಾ ಇದ್ರು. "ಅಲ್ಲಪ್ಪ, ಪಕ್ಕದಲ್ಲೇ ಅಷ್ಟೊಂದು ಖಾಲಿ ಬಿದ್ದೈತಲ್ಲ, ಅದ್ರಲ್ಲಿ ಒಂದಷ್ಟು ತೆಗೆದು ಇದಕ್ಕೆ ಹಾಕು" ಅಂದ್ರು. ನೋಡಿ, ಎಲ್ಲರೂ ಕೇಳೋದು ಇದೇ ಪ್ರಶ್ನೆ, ಸರಿಯಾದ ಪ್ರಶ್ನೆನೇ. ವಿಂಡೋಸಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಅಂತ ಇದೆ, 2008ರ ಸರ್ವರ್ ವಿಂಡೋಸ್‌ನಿಂದ ಅದರಲ್ಲೇ ಡ್ರೈವ್‌ನ ಶ್ರಿಂಕ್ ಮಾಡ್ಬೋದು ಅಂದ್ರೆ ಚಿಕ್ಕದು, ಎಕ್ಸ್‌ಟೆಂಡ್ ಮಾಡ್ಬೋದು ಅಂದ್ರೆ ದೊಡ್ಡದು. ಡಿ ನ 100 ಜಿಬಿ ಶ್ರಿಂಕ್ ಮಾಡಿದ್ರೆ 100 ಜಿಬಿ ಬಿಡುವಾಗತ್ತೆ. ಆಮೇಲೆ ಸಿ ಮೇಲೆ ರೈಟ್ ಕ್ಲಿಕ್ ಮಾಡಿ ನೋಡಿದ್ರೆ ಎಕ್ಸ್‌ಟೆಂಡ್ ಅನ್ನೋದು ಮಂಕಾಗಿರತ್ತೆ, ಒತ್ತೋಕೇ ಬರಲ್ಲ. ಯಾಕೆ ಅಂತ ಯಜಮಾನ್ರಿಗೆ ಹಿಂಗೆ ಹೇಳಿದೆ, "ನಿಮ್ಮ ಜಮೀನಿನ ಪಕ್ಕದೋನು ಒಳ್ಳೆ ಮನಸ್ಸು ಮಾಡಿ ಎರಡು ಗುಂಟೆ ಬಿಟ್ಕೊಡ್ತಾನೆ, ಆದ್ರೆ ಅವನು ಬಿಟ್ಕೊಡೋದು ಅವನ ಜಮೀನಿನ ಆಚೆ ತುದೀಲಿ, ನಿಮ್ಮ ಬದುಗೆ ತಗುಲೋ ಕಡೆ ಅಲ್ಲ. ಮಧ್ಯೆ ಅವನ ಜಮೀನು ಹಂಗೇ ಇದೆ. ನಿಮ್ಮ ಬದು ಹೆಂಗ್ ಸರಿಯತ್ತೆ?" ಬಾಗಿಲಲ್ಲಿ ನಿಂತಿದ್ದ ರೈತರೊಬ್ರು ನಗಾಡಿಬಿಟ್ರು, ಅವರಿಗೆ ಪಕ್ಕಾ ಅರ್ಥ ಆಯ್ತು, ಬಹುಶಃ ಪೋಡಿ ಮಾಡ್ಸೋಕೆ ಓಡಾಡಿದೋರು ಇರ್ಬೇಕು.

ನಿಜವಾಗ್ಲೂ ಪಾರ್ಟಿಷನ್ ಅನ್ನೋದನ್ನ ನಮ್ಮ ಜನಕ್ಕೆ ಹೇಳೋಕೆ ಜಮೀನಿಗಿಂತ ಒಳ್ಳೆ ಹೋಲಿಕೆ ಇಲ್ಲ. ಡಿಸ್ಕ್ ಅನ್ನೋದು ಒಂದು ಸರ್ವೆ ನಂಬರು. ಅದನ್ನ ಪಾಲು ಮಾಡಿ ಇಲ್ಲಿಂದ ಇಲ್ಲಿಗೆ ಸಿ, ಇಲ್ಲಿಂದ ಇಲ್ಲಿಗೆ ಡಿ ಅಂತ ಬರೆದಿಡೋ ಪಹಣಿ ಇದ್ದಂಗೆ ಪಾರ್ಟಿಷನ್ ಟೇಬಲ್, ಡಿಸ್ಕಿನ ಶುರುವಲ್ಲೇ ಚೂರು ಜಾಗದಲ್ಲಿ ಇರತ್ತೆ. ಜಮೀನಲ್ಲಿ ಬೆಳೆದಿರೋ ರಾಗಿನೇ ಫೈಲ್ ಸಿಸ್ಟಮ್ಮು, ಅಂದ್ರೆ ನಿಮ್ಮ ಬಿಲ್ಲು ಫೋಟೋ ಲೆಕ್ಕ ಎಲ್ಲಾ. ಬಾಂದುಕಲ್ಲು ಕಿತ್ತು ಆಚೆ ನೆಟ್ಟ ಮಾತ್ರಕ್ಕೆ ರಾಗಿ ತಾನಾಗೇ ಆಚೆ ನಡ್ಕೊಂಡು ಹೋಗಲ್ಲ, ಕಲ್ಲು ಬೇರೆ ಬೆಳೆ ಬೇರೆ, ಎರಡನ್ನೂ ಬೇರೆ ಬೇರೆಯಾಗಿ ಸರಿಸಬೇಕು, ಯಾವುದು ಮೊದಲು ಅನ್ನೋದರಲ್ಲೇ ಇರೋದು ಎಲ್ಲಾ. ಜಾಗ ದೊಡ್ಡದು ಮಾಡೋವಾಗ ಮೊದಲು ಕಲ್ಲು ಸರಿಸಿ ಆಮೇಲೆ ಬೆಳೆ ಹರಡಬೇಕು. ಚಿಕ್ಕದು ಮಾಡೋವಾಗ ಮೊದಲು ಬೆಳೆ ಒಳಗೆ ಎಳ್ಕೊಂಡು ಆಮೇಲೆ ಕಲ್ಲು ಸರಿಸಬೇಕು. ಇದನ್ನ ಉಲ್ಟಾ ಮಾಡಿದ್ರೆ ಬೆಳೆ ಪಕ್ಕದೋನ ಪಾಲು.

ಉಲ್ಟಾ ಮಾಡಿದೋನು ಯಾರು ಅಂತೀರಾ, ನಾನೇ. ಬೇರೆಯೋರದ್ದು ಹೇಳ್ಬಿಟ್ಟು ನಮ್ಮದು ಮುಚ್ಚಿಡಬಾರದು. ಸುಮಾರು ಹದಿಮೂರು ಹದಿನಾಲ್ಕು ವರ್ಷದ ಹಿಂದೆ ಒಂದು ಕಡೆ ಲಿನಕ್ಸ್ (ವಿಂಡೋಸ್ ಬದಲು ಹಾಕೋ ಇನ್ನೊಂದು ಸಿಸ್ಟಮ್ಮು) ಸರ್ವರ್ ಇತ್ತು, ಅದರಲ್ಲಿ ಒಂದು ಪಾರ್ಟಿಷನ್ ಚಿಕ್ಕದು ಮಾಡಬೇಕಿತ್ತು. ಎಫ್‌ಡಿಸ್ಕ್ ಅನ್ನೋ ಟೂಲಲ್ಲಿ ಪಾರ್ಟಿಷನ್ ಡಿಲೀಟ್ ಮಾಡಿ ಅದೇ ಜಾಗದಲ್ಲಿ ಚಿಕ್ಕದಾಗಿ ಮತ್ತೆ ಮಾಡೋದು, ಎಲ್ಲಾರೂ ಹಂಗೇ ಮಾಡ್ತಾರೆ, ಆದ್ರೆ ಅದಕ್ಕೂ ಮೊದಲು ಒಳಗಿನ ಫೈಲ್ ಸಿಸ್ಟಮ್ ಚಿಕ್ಕದು ಮಾಡಿರಬೇಕು, ನಾನು ಅದನ್ನ ಮರೆತೆ. ಡಬ್ಲ್ಯೂ ಒತ್ತಿ ಎಂಟರ್ ಹೊಡೆದೆ. ಎಫ್‌ಡಿಸ್ಕಲ್ಲಿ ಡಬ್ಲ್ಯೂ ಒತ್ತೋವರೆಗೂ ಏನೂ ಬರಿಯಲ್ಲ, ಕ್ಯೂ ಒತ್ತಿ ಆಚೆ ಬರ್ಬೋದು, ಡಬ್ಲ್ಯೂ ಒತ್ತಿದ್ಮೇಲೆ ಮುಗೀತು. ರೀಬೂಟ್ ಮಾಡಿದ್ರೆ ಫೈಲ್ ಸಿಸ್ಟಮ್ ಇಷ್ಟು ಬ್ಲಾಕ್ ಇದೆ ಅಂತಿದೆ, ಡಿಸ್ಕಿನ ಭಾಗ ಅದಕ್ಕಿಂತ ಚಿಕ್ಕದಿದೆ, ಎರಡರಲ್ಲಿ ಒಂದು ಕೆಟ್ಟಿದೆ ಅಂತ ಪರದೆ ತುಂಬ ಇಂಗ್ಲಿಷಲ್ಲಿ ಬಂತು. ಬೆವರು ಅಂದ್ರೆ ಏನು ಅಂತ ಅವತ್ತು ಗೊತ್ತಾಗಿದ್ದು, ಶರಟು ಬೆನ್ನಿಗೆ ಅಂಟ್ಕೊಂಡಿತ್ತು, ಹೊರಗಡೆ ಆ ಜಾಗದ ಮ್ಯಾನೇಜರ್ರು ಟೀ ತರ್ಸಿ ಕುಡೀತಿದಾರೆ, ನಂಗೂ ಒಂದು ಕಳ್ಸಿದಾರೆ, ಕುಡಿಯೋಕೆ ಕೈ ನಡುಗ್ತಿದೆ.

ಉಳ್ಸಿದ್ದು ಏನು ಗೊತ್ತಾ, ಒಂದು ಬಸ್ ಟಿಕೆಟ್ಟು. ಕೆಲಸ ಶುರು ಮಾಡೋ ಮೊದಲು ಅಭ್ಯಾಸಬಲದಿಂದ ಪಾರ್ಟಿಷನ್ ಶುರುವಾಗೋ ಸೆಕ್ಟರ್ ನಂಬರು (ಡಿಸ್ಕನ್ನ ಅಳೆಯೋ ಸಣ್ಣ ತುಂಡೇ ಸೆಕ್ಟರ್ರು), ಮುಗಿಯೋ ಸೆಕ್ಟರ್ ನಂಬರು ಬಂಗಾರಪೇಟೆಯಿಂದ ಬಂದಿದ್ದ ಟಿಕೆಟ್ ಹಿಂದೆ ಗೀಚ್ಕೊಂಡಿದ್ದೆ. ಬದಲಾಗಿದ್ದು ಪಹಣಿ ಮಾತ್ರ, ಬೆಳೆ ಇನ್ನೂ ಇದ್ದ ಜಾಗದಲ್ಲೇ ಇತ್ತು, ಅದರ ಮೇಲೆ ಬೇರೆ ಏನೂ ಬರೆದಿರಲಿಲ್ಲ. ಅದೇ ಎರಡು ನಂಬರು ಹಾಕಿ ಪಾರ್ಟಿಷನ್ ಮತ್ತೆ ಮೊದಲಿನಂಗೇ ಮಾಡಿದೆ, ಎಲ್ಲಾ ಫೈಲೂ ವಾಪಸ್ ಬಂತು. ಒಂದು ನಂಬರು ತಪ್ಪಿದ್ರೂ ನಾನು ಆ ಊರಿಗೆ ಮತ್ತೆ ಕಾಲಿಡೋ ಹಂಗಿರಲಿಲ್ಲ. ಟಿಕೆಟ್ಟು ಈಗ ಬೇಕಾಗಿಲ್ಲ, ಲಿನಕ್ಸಲ್ಲಿ ಎಸ್‌ಎಫ್‌ಡಿಸ್ಕ್ ಅನ್ನೋ ಕಮಾಂಡ್‌ಗೆ ಮೈನಸ್ ಡಿ ಅಂತ ಕೊಟ್ರೆ ಇಡೀ ಟೇಬಲ್ಲು ಒಂದು ಸಣ್ಣ ಟೆಕ್ಸ್ಟ್ ಫೈಲ್ ಆಗಿ ಬರತ್ತೆ, ಅದನ್ನ ಪೆನ್‌ಡ್ರೈವಿಗೆ ಹಾಕಿಟ್ಕೊಂಡ್ರೆ ಆಯ್ತು. ಅದೂ ಬೇಡ ಅಂದ್ರೆ ಮೊಬೈಲಲ್ಲಿ ಪರದೆ ಫೋಟೋ ತೆಗೆದಿಟ್ಕೊಳ್ಳಿ, ಒಂದು ಸೆಕೆಂಡ್ ಕೆಲಸ.

ಮಂಡಿಗೆ ವಾಪಸ್ ಬರ್ತೀನಿ. ಅವತ್ತು ಬೆಳಿಗ್ಗೆ ನಾನು ಪಾರ್ಟಿಷನ್ ಮುಟ್ಲೇ ಇಲ್ಲ. ಹರಾಜು ನಡೀವಾಗ, ರೈತರು ಕಾಯ್ತಿರೋವಾಗ, ಬ್ಯಾಕಪ್ ಇದೆಯೋ ಇಲ್ವೋ ಗೊತ್ತಿಲ್ದೇ ಇರೋವಾಗ ಬದು ಅಗೆಯೋ ಕೆಲಸಕ್ಕೆ ಕೈ ಹಾಕೋನು ಮೂರ್ಖ. ಹಳೇ ಟೆಂಪ್ ಫೈಲು, ವಿಂಡೋಸ್ ಅಪ್‌ಡೇಟ್ ಉಳಿಸಿ ಹೋಗಿದ್ದ ಕಸ ಎಲ್ಲಾ ಡಿಸ್ಕ್ ಕ್ಲೀನಪ್ಪಲ್ಲಿ ತೆಗೆದು ಒಂದು ಆರು ಜಿಬಿ ಬಿಡ್ಸಿದೆ, ಆರೂ ಮುಕ್ಕಾಲಿಗೆ ಬಿಲ್ಲು ಬರೋಕೆ ಶುರುವಾಯ್ತು. ಮಧ್ಯಾಹ್ನ ಯಾರ್ಡು ಖಾಲಿಯಾದ ಮೇಲೆ ಕೂತ್ಕೊಂಡು ಏನು ತಿಂದಿದೆ ಅಂತ ನೋಡಿದೆ. ನಿಜವಾದ ಡೇಟಾ ನಾಲ್ಕೇ ಜಿಬಿ! ಅದರ ಲಾಗ್ ಫೈಲು, ಅಂದ್ರೆ ಏನೇನು ಬದಲಾಯ್ತು ಅಂತ ಬರ್ಕೊಳ್ಳೋ ದಿನಚರಿ, 61 ಜಿಬಿ. ಎಸ್‌ಕ್ಯೂಎಲ್ ಸರ್ವರ್ ಅನ್ನೋ ಸಾಫ್ಟ್‌ವೇರಲ್ಲಿ ಡೇಟಾಬೇಸ್‌ನ ಫುಲ್ ರಿಕವರಿ ಅಂತ ಇಟ್ಟು ಲಾಗ್ ಬ್ಯಾಕಪ್ ಒಂದ್ಸಲವೂ ತೆಗೀದೇ ಬಿಟ್ರೆ ಆ ಲಾಗು ತನ್ನೊಳಗಿನ ಹಳೇದನ್ನ ಖಾಲಿ ಮಾಡ್ಕೊಳ್ಳಲ್ಲ, ಬೆಳೀತಾನೇ ಹೋಗತ್ತೆ, ಅಲ್ಲಿ ಆಗಿದ್ದೂ ಅದೇ. ಇಂಥ ಸರ್ವರಿಗೆ ಸಿ ಡ್ರೈವ್ 120 ಇದ್ದಿದ್ದು 500 ಮಾಡಿಕೊಟ್ರೂ ಇವತ್ತಲ್ಲ ನಾಳೆ ಅದೂ ತುಂಬಿರೋದು. ಓಟೆ ಬಿದ್ದ ತೊಟ್ಟಿಗೆ ನೀರು ಬಿಟ್ಟಂಗೆ.

ಅದಕ್ಕೇ ನಾನು ಹೇಳೋದು, ಡ್ರೈವ್ ದೊಡ್ಡದು ಮಾಡಿಕೊಡಿ ಅಂತ ಯಾರಾದ್ರೂ ಕರೆದ್ರೆ ಮೊದಲು ಏನು ತುಂಬಿದೆ ಅಂತ ನೋಡಿ. ಲಿನಕ್ಸಲ್ಲಂತೂ ಇನ್ನೂ ತಮಾಷೆ. ದೊಡ್ಡ ಲಾಗ್ ಫೈಲ್ ಡಿಲೀಟ್ ಮಾಡಿದ್ರೂ ಎಷ್ಟೋ ಸಲ ಜಾಗ ಬಿಡುವಾಗಲ್ಲ, ಯಾಕಂದ್ರೆ ಅದನ್ನ ಬರೀತಿರೋ ಪ್ರೋಗ್ರಾಮು ಇನ್ನೂ ಹಿಡ್ಕೊಂಡಿರತ್ತೆ, ಆ ಪ್ರೋಗ್ರಾಮ್ ರೀಸ್ಟಾರ್ಟ್ ಮಾಡಿದ್ರೆ ತಟ್ಟಂತ ಜಾಗ ಬರತ್ತೆ. ಹಂಗೇ ಇಎಕ್ಸ್‌ಟಿ4 ಅನ್ನೋ ಫೈಲ್ ಸಿಸ್ಟಮ್ಮು ಡೀಫಾಲ್ಟಾಗಿ ನೂರಕ್ಕೆ 5ರಷ್ಟು ಜಾಗ ರೂಟ್ ಯೂಸರ್‌ಗೆ, ಅಂದ್ರೆ ಸಿಸ್ಟಮ್ ಯಜಮಾನನಿಗೆ ಅಂತ ಎತ್ತಿಟ್ಟಿರತ್ತೆ, 1 ಟಿಬಿ ಡಿಸ್ಕಲ್ಲಿ ಅದೇ ಹತ್ತಿರ ಹತ್ತಿರ 50 ಜಿಬಿ. ಸಿಸ್ಟಮ್ ಇರೋ ಪಾರ್ಟಿಷನ್ನಿಗೆ ಅದು ಬೇಕು, ಬರೀ ಫೋಟೋ ಸ್ಕ್ಯಾನ್ ಇಡೋ ಪಾರ್ಟಿಷನ್ನಿಗೆ ಅಷ್ಟು ಬೇಕಾಗಿಲ್ಲ, ಟ್ಯೂನ್2ಎಫ್‌ಎಸ್ ಅನ್ನೋ ಕಮಾಂಡಲ್ಲಿ 1 ಪರ್ಸೆಂಟಿಗೆ ಇಳಿಸ್ಬೋದು. ಬದು ಮುಟ್ಟದೇ ಜಾಗ ಸಿಗೋ ಇಂಥ ದಾರಿ ಎಷ್ಟೋ ಇವೆ.

ಸಂಜೆ ಮಂಡಿಯಲ್ಲಿ ಇಡೀ ಡೇಟಾ ಎಕ್ಸ್‌ಟರ್ನಲ್ ಡಿಸ್ಕಿಗೆ ಬ್ಯಾಕಪ್ ತೆಗೆದೆ, ತೆಗೆದಿದ್ದನ್ನ ನನ್ನ ಲ್ಯಾಪ್‌ಟಾಪಲ್ಲಿ ರಿಸ್ಟೋರ್ ಮಾಡಿ ನಾಲ್ಕು ಬಿಲ್ ತೆರೆದು ನೋಡಿದೆ (ತೆರೆದು ನೋಡದೇ ಇರೋ ಬ್ಯಾಕಪ್ಪು ಬ್ಯಾಕಪ್ಪೇ ಅಲ್ಲ, ಇದನ್ನ ನಾನು ಜಗಳ ಆಡಿ ಹೇಳ್ತೀನಿ), ಆಮೇಲೆ ಡೇಟಾಬೇಸನ್ನೇ ಡಿ ಡ್ರೈವಿಗೆ ಎತ್ತಿಟ್ಟೆ. ಪಾರ್ಟಿಷನ್ ಸೈಜು ಬದಲಾಯಿಸೋ ಪ್ರಮೇಯವೇ ಬರಲಿಲ್ಲ. ಯಜಮಾನ್ರು ದುಡ್ಡು ಕೊಡೋವಾಗ "ಏನಪ್ಪ, ಬೆಳಿಗ್ಗೆ ಏನೇನೋ ಜಮೀನು ಬದು ಅಂದೆ, ಕೊನೆಗೆ ಮನೇನೇ ಬದ್ಲಾಯಿಸ್ಬಿಟ್ಯಲ್ಲ" ಅಂದ್ರು. ಹೌದು ಯಜಮಾನ್ರೇ, ಜಗಳ ಆಡೋದಕ್ಕಿಂತ ಮನೆ ಬದಲಾಯಿಸೋದು ಸಲೀಸು ಅಂದೆ.

ಆದ್ರೆ ಯಾವಾಗ್ಲೂ ಹಿಂಗೇ ತಪ್ಪಿಸ್ಕೊಳ್ಳೋಕೆ ಆಗಲ್ಲ, ಸೈಜು ಬದಲಾಯಿಸಲೇಬೇಕಾದ ಸಂದರ್ಭನೂ ಬರತ್ತೆ. ತುಂಬ ಜನಕ್ಕೆ ಬಂದ ಒಂದು ಉದಾಹರಣೆ 2024ರ ಜನವರೀದು. ಆ ತಿಂಗಳ ವಿಂಡೋಸ್ ಅಪ್‌ಡೇಟಲ್ಲಿ ಒಂದು ಎಷ್ಟೋ ಮಷೀನಲ್ಲಿ ಕೂರ್ತಾನೇ ಇರಲಿಲ್ಲ, 80070643 ಅಂತ ಕೊನೆಯಾಗೋ ಎರರ್ ನಂಬರ್ ಬರೋದು. ಕಾರಣ ಏನಪ್ಪ ಅಂದ್ರೆ ವಿಂಡೋಸ್ ಕೆಟ್ರೆ ರಿಪೇರಿಗೆ ಬೇಕು ಅಂತ ರಿಕವರಿ ಪಾರ್ಟಿಷನ್ ಅನ್ನೋ ಒಂದು ಸಣ್ಣ ಭಾಗ ಇರತ್ತಲ್ಲ, ಅದರಲ್ಲಿ ಆ ಅಪ್‌ಡೇಟಿಗೆ ಬೇಕಾದಷ್ಟು ಜಾಗ ಇಲ್ಲ. ಸಿ ಡ್ರೈವಿಂದ 250 ಎಂಬಿ ತೆಗೆದು ರಿಕವರಿ ಪಾರ್ಟಿಷನ್ ದೊಡ್ಡದು ಮಾಡ್ಕೊಳ್ಳಿ ಅಂತ ಮೈಕ್ರೋಸಾಫ್ಟ್ ಕಮಾಂಡ್ ಸಮೇತ ಬರೆದು ಹಾಕಿತ್ತು. ಕೇಳೋಕೆ 250 ಎಂಬಿ, ಒಂದಷ್ಟು ವಾಟ್ಸಾಪ್ ವಿಡಿಯೋ ಅಷ್ಟು. ಮಾಡೋಕೆ ಹೋದ್ರೆ ರಿಕವರಿ ಆಫ್ ಮಾಡು, ಸಿ ಶ್ರಿಂಕ್ ಮಾಡು, ಹಳೇ ರಿಕವರಿ ಪಾರ್ಟಿಷನ್ ಡಿಲೀಟ್ ಮಾಡು, ಹೊಸದು ಮಾಡು, ವಾಪಸ್ ಆನ್ ಮಾಡು, ಡಿಸ್ಕ್‌ಪಾರ್ಟ್ ಅನ್ನೋ ಟೂಲಲ್ಲಿ ಒಂದು ಅಂಕಿ ತಪ್ಪು ಟೈಪ್ ಮಾಡಿದ್ರೆ ಡೇಟಾ ಇರೋ ಪಾರ್ಟಿಷನ್ನೇ ಡಿಲೀಟು. ಮನೇಲಿ ಕೂತ ಸಾಮಾನ್ಯ ಜನ ಇದನ್ನ ಹೆಂಗೆ ಮಾಡ್ತಾರೆ ಹೇಳಿ. ನಾನಂತೂ ಬಂದೋರಿಗೆಲ್ಲಾ ಸ್ವಲ್ಪ ತಡೀರಿ, ಅವಸರ ಮಾಡ್ಬೇಡಿ ಅಂತ ಕಳಿಸ್ತಿದ್ದೆ. ಅಂದಹಾಗೆ ಹೊಸ ಮಷೀನುಗಳಲ್ಲಿ ಸಿ ಡ್ರೈವ್ ಆದಮೇಲೆ ಪಕ್ಕದಲ್ಲೇ ಕೂತಿರೋದು ಈ ರಿಕವರಿ ಪಾರ್ಟಿಷನ್ನೇ, ಡಿಸ್ಕಿನ ಕೊನೇಲಿ ಎಷ್ಟು ಖಾಲಿ ಇದ್ರೂ ಎಕ್ಸ್‌ಟೆಂಡ್ ಮಂಕಾಗಿರೋಕೆ ಎಷ್ಟೋ ಸಲ ಇದೇ ಕಾರಣ, ಎರಡು ಜಮೀನಿನ ಮಧ್ಯೆ ಒಂದು ಸಣ್ಣ ಗುಡಿ ಇದ್ದಂಗೆ, ಅದನ್ನ ಮೊದಲು ಮರ್ಯಾದೆಯಾಗಿ ಎತ್ತಿಡಬೇಕು.

ಶ್ರಿಂಕ್ ವಿಷ್ಯಕ್ಕೇ ಬಂದ್ರೆ, 400 ಜಿಬಿ ಖಾಲಿ ಇರೋ ಡ್ರೈವಲ್ಲೂ ವಿಂಡೋಸು 60 ಜಿಬಿ ಮಾತ್ರ ಶ್ರಿಂಕ್ ಮಾಡ್ಬೋದು ಅನ್ನೋದುಂಟು. ಅದು ಮೋಸ ಅಲ್ಲ, ಪೇಜ್ ಫೈಲು, ಎಂಎಫ್‌ಟಿ ಅನ್ನೋ ಫೈಲುಗಳ ಪಟ್ಟಿ, ಇಂಥವನ್ನ ಓಡ್ತಿರೋ ವಿಂಡೋಸ್ ತಾನೇ ಜರುಗಿಸಲ್ಲ, ಅವು ಮಧ್ಯದಲ್ಲಿ ಎಲ್ಲಿ ಕೂತಿರ್ತಾವೋ ಅಲ್ಲಿಗೇ ಬದು ನಿಲ್ಲತ್ತೆ. ಆಗ ಜನ ಏನ್ಮಾಡ್ತಾರೆ, ಯಾವುದೋ ಕ್ರ್ಯಾಕ್ ಮಾಡಿದ ಪಾರ್ಟಿಷನ್ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿ ಸರ್ವರಿಗೇ ಹಾಕ್ತಾರೆ, ದಯವಿಟ್ಟು ಬೇಡಿ. ಪಾರ್ಟಿಷನ್ನಿನ ಶುರುವನ್ನೇ ಎಡಕ್ಕೋ ಬಲಕ್ಕೋ ಸರಿಸೋ ಕೆಲಸ ಅಂತೂ ಇನ್ನೂ ಅಪಾಯ, ಅದರೊಳಗಿರೋ ಪ್ರತಿ ಅಕ್ಷರನೂ ಎತ್ತಿ ಎತ್ತಿ ಪಕ್ಕಕ್ಕೆ ಇಡಬೇಕು, ದೊಡ್ಡ ಡಿಸ್ಕಾದ್ರೆ ಗಂಟೆಗಟ್ಲೆ, ನಡುವೆ ಕರೆಂಟು ಹೋದ್ರೆ ಅರ್ಧ ಅಲ್ಲಿ ಅರ್ಧ ಇಲ್ಲಿ. ಜೀಪಾರ್ಟೆಡ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಪೆನ್‌ಡ್ರೈವಿಂದ ಬೂಟ್ ಮಾಡಿ ಬಳಸ್ಬೋದು, ಒಳ್ಳೇದೇ, ಆದ್ರೆ ಅದಕ್ಕೂ ಬ್ಯಾಕಪ್ಪು ಮತ್ತು ಬ್ಯಾಟರಿ ಚೆನ್ನಾಗಿರೋ ಯುಪಿಎಸ್ಸು ಎರಡೂ ಬೇಕು. ನಮ್ಮ ಕಡೆ ಯುಪಿಎಸ್ ಎಲ್ಲರ ಹತ್ರನೂ ಇರತ್ತೆ, ಅದರ ಬ್ಯಾಟರಿ ಸತ್ತು ಎರಡು ವರ್ಷ ಆಗಿರತ್ತೆ, ಅದು ಬೇರೆ ಕತೆ.

ಲಿನಕ್ಸ್ ಸರ್ವರ್ ಹಾಕೋರಿಗೆ ಒಂದು ಮಾತು. ಶುರುವಲ್ಲೇ ಎಲ್‌ವಿಎಂ ಹಾಕ್ಕೊಳ್ಳಿ. ಹಳೇ ಕಾಲದಲ್ಲಿ ಊರಲ್ಲಿ ಹಗೇವು ಇರ್ತಿತ್ತಲ್ಲ, ಬೇರೆ ಬೇರೆ ಹೊಲದ ರಾಗಿನೂ ಒಂದೇ ಗುಂಡಿಗೆ ಸುರಿದು ಬೇಕಾದಾಗ ಬೇಕಾದಷ್ಟು ಅಳೆದು ತೆಗೆಯೋದು, ಎಲ್‌ವಿಎಂ ಹಂಗೆ. ಎರಡು ಮೂರು ಡಿಸ್ಕ್ ಇದ್ರೂ ಎಲ್ಲಾ ಸೇರಿಸಿ ಒಂದು ರಾಶಿ ಮಾಡಿ, ಅದರಿಂದ ಮೇಲ್‌ಗಿಷ್ಟು ಡೇಟಾಬೇಸ್‌ಗಿಷ್ಟು ಅಂತ ಅಳೆದು ಕೊಡತ್ತೆ, ಸಾಲದೇ ಹೋದ್ರೆ ರಾಶಿಯಿಂದ ಇನ್ನೊಂದಿಷ್ಟು, ಪಕ್ಕದಲ್ಲೇ ಜಾಗ ಇರಬೇಕು ಅನ್ನೋ ತಲೆನೋವೇ ಇಲ್ಲ. ಅದಕ್ಕೇ ಶುರುವಲ್ಲಿ ಎಲ್ಲಾ ಜಾಗನೂ ಹಂಚಿ ಬಿಡಬೇಡಿ, ರಾಶೀಲಿ ಒಂದಷ್ಟು ಉಳಿಸ್ಕೊಳ್ಳಿ. ದೊಡ್ಡದು ಮಾಡೋದು ಸುಲಭ, ಸರ್ವರ್ ಓಡ್ತಾ ಇರೋವಾಗ್ಲೇ ಮಾಡ್ಬೋದು, ಚಿಕ್ಕದು ಮಾಡೋದೇ ಕಷ್ಟ. ಇಎಕ್ಸ್‌ಟಿ4 ಆದ್ರೆ ಅನ್‌ಮೌಂಟ್ ಮಾಡಿ, ಅಂದ್ರೆ ಬಳಕೆಯಿಂದ ಬಿಡ್ಸಿ, ಚೆಕ್ ಮಾಡಿ ಆಮೇಲೆ ಚಿಕ್ಕದು ಮಾಡ್ಬೇಕು. ಎಕ್ಸ್‌ಎಫ್‌ಎಸ್ ಅನ್ನೋ ಇನ್ನೊಂದು ಫೈಲ್ ಸಿಸ್ಟಮ್ ಆದ್ರೆ ಆ ಆಸೆ ಬಿಟ್ಬಿಡಿ, ಅದು ಹಿಗ್ಗತ್ತೆ, ಕುಗ್ಗಲ್ಲ ಅಂತಲೇ ತಿಳ್ಕೊಳ್ಳಿ, ರೆಡ್ ಹ್ಯಾಟ್ ಅನ್ನೋ ಲಿನಕ್ಸಲ್ಲಿ 2014ರ 7ನೇ ಆವೃತ್ತಿಯಿಂದ ಅಲ್ಲಿ ಡೀಫಾಲ್ಟಾಗಿ ಬರ್ತಿರೋದು ಅದೇ. ಗೊತ್ತಿಲ್ದೇ ಒಬ್ಬರಿಗೆ ಜಾಸ್ತಿ ಕೊಟ್ಟುಬಿಟ್ರೆ ವಾಪಸ್ ಇಸ್ಕೊಳ್ಳೋಕೆ ಆಗಲ್ಲ, ಎಲ್ಲಾ ಬ್ಯಾಕಪ್ ತೆಗೆದು ಹೊಸದಾಗಿ ಮಾಡಿ ವಾಪಸ್ ತುಂಬ್ಸೋದೇ ದಾರಿ.

ಇನ್ನೊಂದು ನೋಡಿ. ಒಂದು ಸ್ಕೂಲಿನವರು ಕ್ಲೌಡಲ್ಲಿ, ಅಂದ್ರೆ ಇಂಟರ್ನೆಟ್ ಮೇಲೆ ಬಾಡಿಗೆಗೆ, ಸರ್ವರ್ ಇಟ್ಕೊಂಡಿದ್ರು, ಜಾಗ ಸಾಲದು ಅಂತ ಡಿಸ್ಕನ್ನ 50ರಿಂದ 200 ಜಿಬಿ ಮಾಡಿಸಿ ಏಳು ತಿಂಗಳು ತಿಂಗಳಾ ತಿಂಗಳಾ ದುಡ್ಡು ಕಟ್ಟಿದ್ದಾರೆ. ಒಳಗೆ ಹೋಗಿ ಜಾಗ ಎಷ್ಟಿದೆ ಅಂತ ತೋರ್ಸೋ ಡಿಎಫ್ ಕಮಾಂಡ್ ಹೊಡೆದು ನೋಡ್ತೀನಿ, ಅದೇ 50 ಜಿಬಿ! ಡಿಸ್ಕ್ ದೊಡ್ಡದಾಯ್ತು, ಪಾರ್ಟಿಷನ್ನೂ ಫೈಲ್ ಸಿಸ್ಟಮ್ಮೂ ಯಾರೂ ಹಿಗ್ಗಿಸಿಲ್ಲ. ಪಕ್ಕದ ಜಮೀನು ಕೊಂಡ್ಕೊಂಡು ರಿಜಿಸ್ಟ್ರೇಷನ್ ಮುಗಿಸಿ, ಕಂದಾಯನೂ ಕಟ್ಕೊಂಡು, ಒಂದು ಸಾಲೂ ಉಳದೇ ಬಿಟ್ಟಂಗೆ. ಗ್ರೋಪಾರ್ಟ್ ಅಂತ ಒಂದು ಕಮಾಂಡು, ರೀಸೈಜ್2ಎಫ್‌ಎಸ್ ಅಂತ ಇನ್ನೊಂದು, ಎರಡೂ ಸೇರಿ ಒಂದು ನಿಮಿಷ ಆಗಲಿಲ್ಲ. ಮೇಡಂ "ಇಷ್ಟೇನಾ ಸಾರ್" ಅಂದ್ರು, ಇಷ್ಟೇ ಮೇಡಂ, ಇದಕ್ಕೆ ನಿಮ್ಮ ಹತ್ರ ದುಡ್ಡು ಕೇಳೋಕೂ ನಾಚಿಕೆ ಆಗತ್ತೆ ಅಂದೆ, ಆದ್ರೂ ಇಸ್ಕೊಂಡೆ. ಹಂಗಂತ 200 ಜಾಸ್ತಿ ಆಯ್ತು, ಇಳಿಸಿ ಅಂದ್ರೆ ಅದು ಆಗಲ್ಲ, ಅಮೆಜಾನ್ ಕ್ಲೌಡ್‌ನ ಇಬಿಎಸ್ ಅನ್ನೋ ಡಿಸ್ಕಂತೂ ದೊಡ್ಡದಾಗತ್ತೆ, ಚಿಕ್ಕದಾಗಲ್ಲ.

4 ಟಿಬಿ ಡಿಸ್ಕ್ ತಂದು ಹಾಕಿದ್ರೆ 2 ಟಿಬಿ ಮಾತ್ರ ತೋರಿಸ್ತಿದೆ, ಅಂಗಡಿಯೋನು ಮೋಸ ಮಾಡಿದಾನೆ ಅಂತ ಜಗಳಕ್ಕೆ ಹೊರಟಿದ್ದೋರನ್ನೂ ನೋಡಿದೀನಿ. ಅಂಗಡಿಯೋನ ತಪ್ಪಲ್ಲ, ಡಿಸ್ಕಿಗೆ ಎಂಬಿಆರ್ ಅನ್ನೋ 1983ರ ಕಾಲದ ಪಹಣಿ ಹಾಕಿದ್ರೆ ಅದಕ್ಕೆ 2 ಟಿಬಿ ಆಚೆ ಅಳೆಯೋಕೆ ಅಂಕಿನೇ ಸಾಲಲ್ಲ, ಜಿಪಿಟಿ ಅನ್ನೋ ಹೊಸ ಪಹಣಿ ಹಾಕ್ಬೇಕು. ಹಂಗೇ ಎರಡು ಡಿಸ್ಕಲ್ಲೂ ಒಂದೇ ಥರ ಬರೆಯೋ ಜೋಡಿ ರೇಡ್ ಹಾಕಿದೀವಿ ಬ್ಯಾಕಪ್ ಯಾಕೆ ಅನ್ನೋರಿಗೂ ಹೇಳ್ತೀನಿ, ರೇಡ್ ಇರೋದು ಒಂದು ಡಿಸ್ಕ್ ಕೆಟ್ರೆ ಇನ್ನೊಂದು ಇರ್ಲಿ ಅಂತ, ನೀವು ತಪ್ಪು ಪಾರ್ಟಿಷನ್ ಡಿಲೀಟ್ ಮಾಡಿದ್ರೆ ಎರಡೂ ಡಿಸ್ಕಲ್ಲಿ ಅದೇ ಕ್ಷಣಕ್ಕೆ ಡಿಲೀಟ್ ಆಗತ್ತೆ, ಅಷ್ಟು ನಿಯತ್ತು ಅದಕ್ಕೆ.

ಸಂಪಾದಕರೇ, ಇದನ್ನೆಲ್ಲಾ ಪತ್ರಿಕೆಗೆ ಯಾಕೆ ಬರೀತಿದೀನಿ ಅಂದ್ರೆ, ಡಿಸ್ಕು ಒಂದೇ ರಾತ್ರೀಲಿ ತುಂಬೋದು ಅಪರೂಪ. ಕೆರೆ ನೀರು ಕಟ್ಟೆ ಮಟ್ಟಕ್ಕೆ ಬರೋದು ಕಣ್ಣಿಗೆ ಕಾಣೋ ಹಂಗೆ ಇದೂ ವಾರ ವಾರ ಕಾಣತ್ತೆ, ನೋಡೋರು ಇರ್ಬೇಕು ಅಷ್ಟೇ. ನೋಡದೇ ಬಿಟ್ಟು ಕೊನೆಗೆ ಜನ ಕ್ಯೂ ನಿಂತಾಗ ಗಾಬರೀಲಿ ಯಾರನ್ನೋ ಕರೆದು ಬೇಗ ಮಾಡು ಬೇಗ ಮಾಡು ಅಂತ ತಲೆ ಮೇಲೆ ಕೂತ್ರೆ ಅವನು ಬ್ಯಾಕಪ್ ಇಲ್ದೇ ಪಾರ್ಟಿಷನ್ನಿಗೆ ಕೈ ಹಾಕ್ತಾನೆ, ಡೇಟಾ ಹೋಗೋದು ಆಗಲೇ. ತುಂಬಿದ್ದಕ್ಕಿಂತ ಆ ಗಾಬರಿ ಕೆಲಸದಿಂದ ಹಾಳಾದ ಸರ್ವರ್‌ಗಳನ್ನೇ ನಾನು ಜಾಸ್ತಿ ನೋಡಿರೋದು. ಸರ್ವರ್ ಮಾರೋರು, ಸಾಫ್ಟ್‌ವೇರ್ ಹಾಕೋರು ಒಂದು ಹಾಳೇಲಿ ಯಾವ ಡ್ರೈವಲ್ಲಿ ಏನಿದೆ, ಡೇಟಾ ಎಲ್ಲಿದೆ, ಬ್ಯಾಕಪ್ ಎಲ್ಲಿಗೆ ಹೋಗತ್ತೆ ಅಂತ ಬರೆದು ಮಷೀನಿನ ಪಕ್ಕಕ್ಕೆ ಅಂಟಿಸಿ ಹೋಗ್ಲಿ, ದುಡ್ಡು ಕೊಡೋ ಮೊದಲು ಆ ಹಾಳೆ ಕೇಳಿ ಇಸ್ಕೊಳ್ಳಿ. ಮತ್ತೆ ಯಾರಾದ್ರೂ ಒಬ್ರು, ಕಂಪ್ಯೂಟರ್ ಓದಿರ್ಬೇಕು ಅಂತೇನಿಲ್ಲ, ವಾರಕ್ಕೊಂದ್ಸಲ ಆ ಗೆರೆ ಎಷ್ಟಿದೆ ಅಂತ ನೋಡ್ಲಿ, ನೂರಕ್ಕೆ ಎಂಬತ್ತು ದಾಟಿದ್ರೆ ಫೋನ್ ಮಾಡ್ಲಿ. ಮಂಡಿ ಹುಡುಗ ಈಗ ಪ್ರತಿ ಸೋಮವಾರ ನಂಗೆ ವಾಟ್ಸಾಪಲ್ಲಿ ಪರದೆ ಫೋಟೋ ಕಳಿಸ್ತಾನೆ, ಗುಡ್ ಮಾರ್ನಿಂಗ್ ಗುಲಾಬಿ ಹೂವಿನ ಜೊತೆ.

ಇನ್ನು ಬೋರ್ಡು. ಸರ್ವರ್ ಡೌನ್ ಅಂತ ಬರೆಯೋ ಬದಲು ಡಿಸ್ಕ್ ತುಂಬಿದೆ, ಮಧ್ಯಾಹ್ನ ಮೂರಕ್ಕೆ ಬನ್ನಿ ಅಂತ ಬರೀರಪ್ಪ. ದೂರದಿಂದ ಬಸ್ಸಲ್ಲಿ ಬಂದ ಅಜ್ಜಿಗೆ ಕಾಯ್ಬೇಕಾ ಹೋಗ್ಬೇಕಾ ಅಂತಾದ್ರೂ ಗೊತ್ತಾಗ್ಲಿ.

ಪತ್ರ ಉದ್ದ ಆಯ್ತು ಅಂತ ನಂಗೇ ಗೊತ್ತಿದೆ, ನಿಮಗೆ ಜಾಗ ಸಾಲದಿದ್ರೆ ಎಲ್ಲಿ ಬೇಕಾದ್ರೂ ಶ್ರಿಂಕ್ ಮಾಡಿ, ಆದ್ರೆ ಪಾರ್ಟಿಷನ್ ಮುಟ್ಟೋ ಮೊದಲು ಸೆಕ್ಟರ್ ನಂಬರು ಫೋಟೋ ತೆಗೆದಿಟ್ಕೊಳ್ಳಿ ಅನ್ನೋ ಸಾಲು ಮಾತ್ರ ಕತ್ತರಿಸ್ಬೇಡಿ.

ಇಂತಿ,
ನಿಮ್ಮ ಓದುಗ, ಒಬ್ಬ ಕಂಪ್ಯೂಟರ್ ರಿಪೇರಿಯೋನು
ಕೋಲಾರ